ಆಲೆಮನೆಗೆ ಅಂಟಿಕೊಂಡ ಒಂದು ಹಕಾರ

ಮಾವ,

ಕಾಗದ ಬರೆಯುವುದು ನನ್ನ ಕೆಲಸವಲ್ಲ, ಅದು ನಿನಗೆ ಗೊತ್ತು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರ ಮುಂದೆಯೇ ಸ್ಲೇಟು ಒಗೆದು ನಿನ್ನ ಆಲೆಮನೆಗೆ ಬಂದವನು ನಾನು. ಅಲ್ಲಿಂದ ಈಚೆಗೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಇಳಿಸಿದ್ದು ಬಿಟ್ಟರೆ ಈ ಕೈ ಬೇರೇನೂ ಮಾಡಿಲ್ಲ. ಪೆನ್ನು ಹಿಡಿದರೆ ಬೆರಳು ಸೊಟ್ಟಗಾಗುತ್ತವೆ. ಮೊದಲ ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಒಲೆ ನೋಡಿ ಬಂದೆ. ಒಲೆಯಲ್ಲಿ ಬೆಂಕಿಯೇ ಇಲ್ಲ. ಈ ವಯಸ್ಸಿನಲ್ಲಿ ನನಗೆ ಇಂಥ ಶಿಕ್ಷೆ ಯಾಕೆ? ಅದೂ ನೀನು ಹೋಗಿ ನಾಲ್ಕು ವರ್ಷವಾದ ಮೇಲೆ?

ಬರೆಸುತ್ತಿರುವವಳು ನಿನ್ನ ಮೊಮ್ಮಗಳು ಕುಮುದ. ಹದಿನೈದು ದಿನದ ಹಿಂದೆ ಆಲೆಮನೆಗೆ ನುಗ್ಗಿ, ಬೆಲ್ಲದ ಅಚ್ಚಿನ ಮಣೆಯ ಮೇಲೆ ಒಂದು ನೋಟ್‌ಬುಕ್ಕು, ಒಂದು ಪೆನ್ನು ಕುಕ್ಕಿದಳು. “ನಮ್ಮ ತಾತಂಗೆ ಕಾಗ್ದ ಬರಿ ಬೋರಜ್ಜ. ನೀನು ಮಾಡಿದ್ದೆಲ್ಲ ಬರಿ. ಬರ್ದು ಮುಗ್ಸೋಗಂಟ ನಾನು ನಿಂಜೊತೆ ಮಾತಾಡಕ್ಕಿಲ್ಲ” ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. “ಸತ್ತೋರ್ಗೆ ಕಾಗ್ದ ಬರಿಯಕ್ಕೆ ನಂಗೇನು ತಲೆ ಕೆಟ್ಟೈತಾ?” ಅಂದೆ. ಅದಕ್ಕೆ ಅವಳು ಏನಂದಳು ಗೊತ್ತಾ? “ಬದುಕಿರೋರ್ಗೆ ನಿಜ ಯೋಳಕ್ಕೆ ನಿಂಗೆ ಬಾಯಿ ಬರ್ನಿಲ್ವಲ್ಲ, ಸತ್ತೋರ್ಗಾದ್ರೂ ಯೋಳು.” ನಿನ್ನ ನಾಲಿಗೆಯೇ ಮಾವ. ಹಾಗೇ ಇಳಿದು ಬಂದಿದೆ. ಹದಿನೈದು ದಿನ ಆ ಪುಸ್ತಕವನ್ನು ಕಣ್ಣೆತ್ತಿ ನೋಡಲಿಲ್ಲ. ನಿನ್ನೆ ಒಂದು ನಡೆದಿದೆ. ಅದಕ್ಕೇ ಇವತ್ತು ಕೂತಿದ್ದೇನೆ.

ನೀನು ನನ್ನನ್ನು ಮೊದಲ ಸಲ ಕೊಪ್ಪರಿಗೆಗೆ ಬೆನ್ನು ಹಾಕಿ ಕೂರಿಸಿದ ದಿನ ನೆನಪಿದೆಯಾ? ನಾನು ಪಾಕವನ್ನೇ ಕಣ್ಣರಳಿಸಿ ನೋಡುತ್ತಾ ನಿಂತಿದ್ದೆ. “ಲೇ ಬೋರ, ಏನ್ಲಾ ನೋಡ್ತಿದ್ದೀಯ? ಬಣ್ಣ ಮೋಸ ಮಾಡ್ತದೆ. ತಿರುಗ್ಕೊಂಡು ಕುಂತ್ಕೊ. ಕಿವೀಲಿ ನೋಡು” ಅಂದೆ. ಒಂದು ಇಡೀ ಹಂಗಾಮು ನಾನು ಗೋಡೆ ನೋಡುತ್ತಾ ಕೂತೆ. ಮೊದಲು ಬುಳುಬುಳು, ಆಮೇಲೆ ದಪ್ಪ ಉಸಿರು, ಆಮೇಲೆ ಯಾರೋ ತೊಡೆ ತಟ್ಟಿದ ಹಾಗೆ ಪಟಪಟ. ಕೊನೆಗೆ ನೀನು ಒಂದು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಗೋಲಿ ಮಾಡಿ, ತಟ್ಟೆಗೆ ಹೊಡೆಯುತ್ತಿದ್ದೆ. ಹದ ಬಂದಿದ್ದರೆ ಟಣ್ ಅನ್ನುತ್ತಿತ್ತು. ಬರದಿದ್ದರೆ ಪಚ್. ನಡುವೆ ಏನೂ ಇಲ್ಲ. ಆ ಟಣ್ ಕೇಳಿದಾಗಲೆಲ್ಲ ನನ್ನ ಮೈಮೇಲಿನ ಕೂದಲು ನಿಲ್ಲುತ್ತಿತ್ತು. ಐವತ್ತು ವರ್ಷವಾಯಿತು, ಇವತ್ತಿಗೂ ನಿಲ್ಲುತ್ತದೆ.

ಕಿಕ್ಕೇರಿಯ ನೆಂಟರ ಮನೆಯಲ್ಲಿ ನೀನು ಒಂದು ಸಲ ಟಿವಿ ನೋಡಿದ್ದೆ. ಕಪ್ಪು ಬಿಳುಪಿನದು. ಯಾರೋ ಸೂಟು ಹಾಕಿಕೊಂಡವನು ವಾರ್ತೆ ಓದುತ್ತಿದ್ದ. “ಇವ್ನು ನಮ್ಮನ್ನೇ ನೋಡ್ತಾವ್ನಲ್ಲೋ” ಅಂತ ನೀನು ಪಂಚೆ ಸರಿ ಮಾಡಿಕೊಂಡೆ. ಈಗ ಅದೆಲ್ಲ ಹಳೆಯದು. ನೀನು ಹೋದ ಮರುವರ್ಷವೇ ನಮ್ಮೂರಿಗೆ ಕೇಬಲ್ ಬಂತು. ಹಾಲಿನ ಡೇರಿಯ ಹಾಲ್‌ನಲ್ಲಿ ಕಲರ್ ಟಿವಿ ಇಟ್ಟಿದ್ದಾರೆ. ಸಂಜೆ ಹಾಲು ಹಾಕಲು ಬಂದವರು ಕ್ಯಾನಿನ ಮೇಲೇ ಕೂತು ನೋಡುತ್ತಾರೆ. ಈಗಿನ ಟಿವಿಯಲ್ಲಿ ಸೂಟಿನವರಷ್ಟೇ ಅಲ್ಲ, ನಮ್ಮ ನಿಮ್ಮಂಥವರೂ ಬರುತ್ತಾರೆ. ಗಂಡ ಹೆಂಡಿರನ್ನು ಕರೆದು ಕಣ್ಣಿಗೆ ಬಟ್ಟೆ ಕಟ್ಟಿ ಬಾಳೆಹಣ್ಣು ತಿನ್ನಿಸುವ ಆಟ ಒಂದು. ಪ್ರಶ್ನೆ ಕೇಳಿ ಕುಕ್ಕರು ಕೊಡುವುದು ಒಂದು. ಯಾರನ್ನೋ ಬೇಕಂತಲೇ ಬೇಸ್ತು ಬೀಳಿಸಿ, ಅವನು ಗಾಬರಿಯಾಗುವುದನ್ನು ತೋರಿಸಿ ನಗುವುದು ಇನ್ನೊಂದು. ಊರಿಗೆ ಊರೇ ಬಿದ್ದು ಬಿದ್ದು ನಗುತ್ತದೆ. ನನಗೆ ಒಂದೂ ಸೇರುವುದಿಲ್ಲ. ಗಾಬರಿಯಾದ ಮನುಷ್ಯನನ್ನು ನೋಡಿ ನಗುವುದು ಎಂಥ ಆಟ? ಬಾಯಿ ಬಿಟ್ಟು ಹಾಗೇ ಅಂದೆ. ಡೇರಿ ಸೆಕ್ರೆಟರಿ ಪುಟ್ಸಾಮಿ, “ಬೋರಣ್ಣಂಗೆ ನಗು ಬರ್ಬೇಕು ಅಂದ್ರೆ ಯಾರಾರ ಕೊಪ್ಪರಿಗೆಗೇ ಬೀಳ್ಬೇಕು ಕಣ್ರಪ್ಪ” ಅಂದ. ಅದಕ್ಕೂ ಊರು ನಕ್ಕಿತು.

ಭಾನುವಾರ ಸಂಜೆಯದು ಮಾತ್ರ ನನಗೆ ಹಿಡಿಸಿತು. ಹಾಡಿನ ಪೈಪೋಟಿ. ಒಂದೊಂದು ಜಿಲ್ಲೆಯಿಂದ ಹುಡುಗ ಹುಡುಗಿಯರನ್ನು ಆರಿಸಿ ಹಾಡಿಸುತ್ತಾರೆ. ದೊಡ್ಡವರು ಮೂವರು ಎದುರಿಗೆ ಕೂತು ತಪ್ಪು ಒಪ್ಪು ಹೇಳುತ್ತಾರೆ. ಯಾರು ಗೆಲ್ಲಬೇಕು ಅಂತ ನೋಡಿದವರೆಲ್ಲ ಕಾರ್ಡು ಬರೆದು ಹಾಕಬಹುದು. ಮೊದಲ ಭಾನುವಾರ ನಾನು ಸುಮ್ಮನೆ ಬಾಗಿಲಲ್ಲಿ ನಿಂತಿದ್ದೆ. ಒಬ್ಬ ಹುಡುಗ ಬಂದ. ಕೈಕಾಲು ಗಡಗಡ ನಡುಗುತ್ತಿದ್ದವು. ಅವನು ಬಾಯಿ ತೆರೆದ. ಮಾವ, ಆ ನಡುಗುವ ಮೈಯೊಳಗಿಂದ ನಡುಗದ ಒಂದು ದನಿ ಎದ್ದು ಬಂತು. ಯಾವ ಊರಿನವನೋ, ಯಾರ ಮಗನೋ. ಅವನು ಅಲ್ಲೆಲ್ಲೋ ಉಸಿರು ಎಳೆದುಕೊಂಡರೆ ಇಲ್ಲಿ ಡೇರಿಯಲ್ಲಿ ನನಗೆ ಕೇಳಿಸಿತು. ಉಸಿರು ಮಾವ! ಅದನ್ನೂ ಆ ಪೆಟ್ಟಿಗೆ ಹೊತ್ತು ತರುತ್ತದೆ. ನನಗೇ ಗೊತ್ತಿಲ್ಲದ ಹಾಗೆ ತಿರುಗಿ ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟೆ. ಅಂದಿನಿಂದ ಪ್ರತಿ ಭಾನುವಾರ ಡೇರಿಯಲ್ಲಿ ಎಲ್ಲರೂ ಟಿವಿ ಕಡೆ, ನಾನೊಬ್ಬ ಗೋಡೆ ಕಡೆ. “ಬೋರಣ್ಣ, ಟಿವಿ ಇತ್ಲಾಗೈತೆ” ಅಂತ ಪುಟ್ಸಾಮಿ ವಾರವಾರವೂ ಹೇಳುತ್ತಿದ್ದ. “ನಿನ್ ಕಣ್ಣು ನೀನು ನೋಡ್ಕೊ, ನನ್ ಕಿವಿ ನಾನು ನೋಡ್ಕತೀನಿ” ಅಂತ ನಾನು ವಾರವಾರವೂ ಬೈಯುತ್ತಿದ್ದೆ.

ಕುಮುದ ಆ ಪೈಪೋಟಿಗೆ ಆಯ್ಕೆಯಾದಳು ಅಂತ ಸುದ್ದಿ ಬಂದ ದಿನ ಊರು ಊರಾಗಿ ಉಳಿಯಲಿಲ್ಲ. ನೀನು ಇದ್ದಾಗ ಲಂಗ ಎತ್ತಿಕಟ್ಟಿಕೊಂಡು ಹಾಲು ಹಿಂಡಿ ಬಿಸಾಕಿದ ಕಬ್ಬಿನ ರಚ್ಚಿನ ಮೇಲೆ ಕೂತು ಹಾಡುತ್ತಿದ್ದ ಹುಡುಗಿ. ಈಗ ಪಾಂಡವಪುರದಲ್ಲಿ ಪಿಯುಸಿ ಓದುತ್ತಾಳೆ. ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ ಸಂಗೀತದ ಟೀಚರಮ್ಮನ ಹತ್ತಿರ ಪಾಠ. ಆ ಟೀಚರಮ್ಮ ಒಳ್ಳೆಯವರೇ. ಆದರೆ ಅವರಿಗೆ ಒಂದೇ ಚಿಂತೆ, ನಮ್ಮ ಕಡೆಯ ನಾಲಿಗೆ. ನಾವು ಹಾಲಿಗೆ ಆಲು ಅಂತೀವಿ, ಹೂವಿಗೆ ಊವು ಅಂತೀವಿ. ಹಕಾರ ನಮ್ಮ ಬಾಯಲ್ಲಿ ನಿಲ್ಲುವುದೇ ಇಲ್ಲವಲ್ಲ. ಟಿವಿಯಲ್ಲಿ ಹಾಗಂದರೆ ನಾಡೆಲ್ಲ ನಗುತ್ತದೆ ಅಂತ ಒಂದು ತಿಂಗಳು ಅವಳಿಗೆ ಅದನ್ನೇ ತಿದ್ದಿಸಿದರು. ಜಗಲಿಯ ಮೇಲೆ ಕೂತು ಹಾಲು, ಹೂವು, ಹಣ್ಣು, ಹಸು, ಹಬ್ಬ ಅಂತ ಮಗು ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದಳು. ನಾನು ದಾರಿಯಲ್ಲಿ ಹೋಗುವವನು ನಿಂತು ಕೇಳಿದೆ. ಪ್ರತಿ ಹಕಾರಕ್ಕೂ ಬಾಯಿಂದ ಇಷ್ಟು ಗಾಳಿ ಹೋಗುತ್ತಿತ್ತು, ಒಲೆ ಊದಿದ ಹಾಗೆ. ಏನೋ ಸರಿಯಿಲ್ಲ ಅನ್ನಿಸಿತು. ಓದಿದವರ ವಿಷಯ, ನನಗೇನು ಗೊತ್ತು ಅಂತ ಹೊರಟುಹೋದೆ.

ಅವಳ ಕಂತು ಬಂದ ಭಾನುವಾರ ಡೇರಿಯಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಬೆಂಗಳೂರಿನಲ್ಲಿ ಮೊದಲೇ ಹಾಡಿಸಿ ತೆಗೆದುಕೊಂಡಿದ್ದರು. ಹಾಗಾಗಿ ಕುಮುದಳೂ ನಮ್ಮ ಜೊತೆಯೇ ಕೂತು ತನ್ನನ್ನು ತಾನೇ ನೋಡಲು ಬಂದಿದ್ದಳು. ನಾನು ಗೋಡೆ ಕಡೆ. ನಡೆಸಿಕೊಡುವ ಹೆಂಗಸಿನ ದನಿ ಬಂತು: “ಮೂರನೇ ನಂಬರಿನ ಕುಮುದಾ, ನಿಮ್ಮ ಮನೆಯಲ್ಲಿ ಏನು ಕೆಲಸ ಮಾಡ್ತಾರೆ?” ನಮ್ಮ ಹುಡುಗಿಯ ದನಿ: “ನಮ್ಮ ತಾತಂದು ಹಾಲೆಮನೆ ಇತ್ತು ಮೇಡಂ.”

ಹಾಲೆಮನೆ! ಇಲ್ಲದ ಕಡೆಗೂ ಒಂದು ಹಕಾರ ಹೋಗಿ ಅಂಟಿಕೊಂಡಿತ್ತು ಮಾವ. ಹೆದರಿಕೆಗೆ. ಈಗ ತಿದ್ದುತ್ತಾಳೆ ಅಂತ ನಾನು ಕಾದೆ. ಅಷ್ಟರಲ್ಲಿ ಆ ಹೆಂಗಸು, “ಓ, ಹಾಲಿನ ಮನೆ! ಅದಕ್ಕೇ ನಿಮ್ಮ ಕಂಠ ಹಾಲಿನಷ್ಟು ಸಿಹಿ!” ಅಂದರು. ಅಲ್ಲಿ ಚಪ್ಪಾಳೆ. ಕುಮುದ “ಹೌದು ಮೇಡಂ” ಅಂದಳು. ಅಷ್ಟೇ. ಆ ಒಂದು ಹೌದಿಗೆ ನಿನ್ನ ಒಲೆ, ನಿನ್ನ ಕೊಪ್ಪರಿಗೆ, ನೀನು ಸುಟ್ಟುಕೊಂಡ ಎರಡು ಬೆರಳು, ಎಲ್ಲ ಇಡೀ ನಾಡಿನ ಮುಂದೆ ಇಲ್ಲವೇ ಇಲ್ಲ ಅಂತಾಯಿತು. ನೀನು ಹಾಲು ಕರೆಯುವವನಾದೆ. ಎಮ್ಮೆಯ ಹತ್ತಿರ ಹೋದರೆ ಒದೆಸಿಕೊಂಡು ಬರುತ್ತಿದ್ದವನು ನೀನು!

ಡೇರಿಯಲ್ಲಿ ಯಾರಿಗಾದರೂ ಮುಖ ಸಣ್ಣಗಾಯಿತಾ? ಇಲ್ಲ. ಶಿಳ್ಳೆ ಹೊಡೆದರು. “ನಮ್ ಡೇರಿಗೆ ಎಸ್ರು ಬಂತು ಕಣ್ರಲಾ!” ಅಂತ ಪುಟ್ಸಾಮಿ ಕುಣಿದ. “ಆಲೆಮನೆ ಅನ್ನಬೇಕಾಗಿತ್ತಲ್ವಾ?” ಅಂತ ಯಾರೋ ಮುದುಕಿ ಅಂದಳು. ಅದಕ್ಕೆ ಅವನು, “ಕಬ್ಬಿನ ಆಲೋ ಎಮ್ಮೆ ಆಲೋ, ಆಲು ಆಲೇ ಬುಡವ್ವ” ಅಂದ. ಮಾರನೇ ದಿನವೇ ಡೇರಿ ಬಾಗಿಲಿಗೆ ಬಟ್ಟೆ ಬರೆಸಿ ಕಟ್ಟಿದರು: ಹಾಲಿನಂಥ ಕಂಠ, ನಮ್ಮೂರ ಕುಮುದ.

ಐದನೇ ನಂಬರಿನ ಹುಡುಗಿ ಹಾಡಿದ್ದು ಅದೇ ಸಂಜೆ. ಹೆಸರು ನೀಲವ್ವ, ಎಲ್ಲೋ ಮೇಲಿನ ಸೀಮೆಯವಳು. “ನಿಮ್ಮ ತಂದೆ ಏನು ಮಾಡ್ತಾರೆ?” ಅಂದರೆ, “ಕುರಿ ಕಾಯ್ತಾನ್ರಿ. ನಮ್ಮವ್ವ ಕೌದಿ ಹೊಲೀತಾಳ್ರಿ” ಅಂದಳು. ನಾಲಿಗೆಯನ್ನು ಒಂದಿಷ್ಟೂ ಬಗ್ಗಿಸಲಿಲ್ಲ. ಡೇರಿಯಲ್ಲಿ ನಕ್ಕರು. “ಏನ್ ಬಣ್ಣ, ಏನ್ ಸೀರೆ” ಅಂತ ಯಾರೋ ಅಂದರು. ನನಗೆ ಬಣ್ಣ ಕಾಣುತ್ತಿರಲಿಲ್ಲವಲ್ಲ. ಅವಳು ಜೋಳ ಬೀಸುವಾಗ ಹಾಡುವ ಪದ ಎತ್ತಿಕೊಂಡಳು. ತಬಲ ಬೇಡ ಅಂದಳಂತೆ, ಬರೀ ಬಾಯಿ. ಮಾವ, ನಾನು ಹೇಗೆ ಹೇಳಲಿ? ಅವಳ ದನಿ ಮೇಲೆ ಹೋಗಿ ಒಂದು ಕಡೆ ನಿಂತಿತು. ನಿಂತ ಜಾಗದಲ್ಲಿ… ನೀನು ಗೋಲಿಯನ್ನು ತಟ್ಟೆಗೆ ಹೊಡೆದೆ. ಟಣ್. ನಿಜವಾಗಲೂ ಕೇಳಿಸಿತು. ನಾನು ತಿರುಗಿ ನೋಡಿದೆ, ನೀನೇನಾದರೂ ಬಂದಿದ್ದೀಯಾ ಅಂತ. ಬೆನ್ನು ಹಾಕಿ ಕೂತವನು ತಿರುಗಿದ್ದು ಅದೇ ಮೊದಲು. ಟಿವಿಯಲ್ಲಿ ಒಂದು ಬಡಕಲು ಹುಡುಗಿ ಕಣ್ಣು ಮುಚ್ಚಿಕೊಂಡು ನಿಂತಿತ್ತು. ಇಷ್ಟು ಸಣ್ಣ ಕೊರಳಿಗೆ ಅದನ್ನೆಲ್ಲ ಕೊಟ್ಟವರು ಯಾರು? ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹೊಗೆ ಇಲ್ಲದ ಜಾಗದಲ್ಲಿ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ನೋಡಿಲ್ಲ, ಪುಣ್ಯ.

ನಿನ್ನ ಮಗ, ಕುಮುದಳ ಅಪ್ಪ ಮಾದೇವ ಮೊದಲ ಸಲ ತಾನೊಬ್ಬನೇ ಪಾಕ ಇಳಿಸಿದ ಬೆಳಿಗ್ಗೆ ನನಗೆ ಆಗ ನೆನಪಾಯಿತು. ಹೊಸದಾಗಿ ಮದುವೆಯಾಗಿದ್ದ. ಹೆಣ್ಣು ಕೊಟ್ಟ ಮನೆಯವರೆಲ್ಲ ಆಲೆಮನೆ ನೋಡಲು ನಾಗಮಂಗಲದಿಂದ ಬಂದಿದ್ದರು. ನೀನು ಗೋಲಿ ತಟ್ಟೆಗೆ ಹೊಡೆದೆ. ಪಚ್ ಅಂದಿತು. ನೀನು ಅಷ್ಟು ಜನರ ಮುಂದೆ, “ಅದ ತಪ್ಪೈತೆ. ದನಕ್ಕೆ ಉಯ್ಯಿ” ಅಂದೆ. ಮಾದೇವ ಸೌಟು ಕೆಳಗಿಟ್ಟು ಆಚೆ ಹೋದ. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಬಸ್ ಕಂಡಕ್ಟರ್ ಆದ. ಇಪ್ಪತ್ತು ವರ್ಷವಾಯಿತು. ನೀನು ಸತ್ತಾಗಲೂ ಹೆಣವನ್ನು ಮನೆ ಮುಂದೆ ಇಳಿಸಿಕೊಂಡನೇ ಹೊರತು ಆಲೆಮನೆಗೆ ಬರಲಿಲ್ಲ. ನೀನು ಹೇಳಿದ್ದು ಸುಳ್ಳಾ? ಅಲ್ಲ. ನಾನೂ ಕೇಳಿದ್ದೆ, ಪಚ್ ಅಂತಲೇ ಅಂದಿತ್ತು. ಆದರೆ ಆ ಒಂದು ನಿಜಕ್ಕೆ ನಿನ್ನ ಒಲೆ ಮಗನಿಲ್ಲದ ಒಲೆಯಾಯಿತಲ್ಲ.

ಟಿವಿ ಆರಿಸಿದ ಮೇಲೆ ಕುಮುದ ಜನರನ್ನು ನೂಕಿಕೊಂಡು ನೇರ ನನ್ನ ಹತ್ತಿರ ಬಂದಳು. ಕೊರಳ ತುಂಬ ಹಾರ. “ಬೋರಜ್ಜ, ಎಂಗಿತ್ತು?” ಅಂದಳು. ಊರೆಲ್ಲ ಹೊಗಳಿ ಆಗಿತ್ತು, ಅವಳು ಬಂದದ್ದು ನನ್ನ ಹತ್ತಿರ. ನೀನು ಹೋದ ಮೇಲೆ ಅವಳಿಗೆ ಪಚ್ ಅನ್ನಲು, ಟಣ್ ಅನ್ನಲು ನಾನೊಬ್ಬನೇ ಇದ್ದೆ. ನನಗೆ ಮಾದೇವನ ಬೆನ್ನು ಕಣ್ಣಿಗೆ ಕಟ್ಟಿತು. “ಚೆಂದಾಗಿತ್ತು ಕಣವ್ವ. ಆಲಿನಂಗಿತ್ತು” ಅಂದೆ. ಅವಳ ಮುಖದಲ್ಲಿ ಏನೋ ಒಂದು ಆರಿತು. ನನಗದು ಕಂಡಿತು.

ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಪುಟ್ಸಾಮಿ ಒಂದು ಕಟ್ಟು ಕಾರ್ಡು ತರಿಸಿ, ಎಲ್ಲದರ ಮೇಲೂ ಮೂರನೇ ನಂಬರು ಬರೆಸಿ, ಹಾಲು ಹಾಕಲು ಬಂದವರ ಕೈಲೆಲ್ಲ ರುಜು ಹಾಕಿಸಿದ. ನನಗೂ ಒಂದು ಕೊಟ್ಟ. ಅದನ್ನು ಜೇಬಿಗಿಟ್ಟುಕೊಂಡೆ. ಮಾರನೇ ಬೆಳಿಗ್ಗೆ ಅಂಚೆಮನೆಯಿಂದ ನಾನೇ ಬೇರೆ ಕಾರ್ಡು ತಂದು, ಬಾಗಿಲು ಹಾಕಿಕೊಂಡು, ಐದು ಅಂತ ಬರೆದು, ಕೆಳಗೆ ಬೋರೇಗೌಡ ಅಂತ ರುಜು ಹಾಕಿದೆ. ಡಬ್ಬಿಗೆ ಹಾಕುವಾಗ ಆಚೀಚೆ ನೋಡಿದೆ, ಯಾರೂ ಇರಲಿಲ್ಲ. ಗುಟ್ಟು ಗುಟ್ಟಾಗಿಯೇ ಇರುತ್ತದೆ ಅಂದುಕೊಂಡೆ. ಕಾರ್ಡಿಗೆ ಮುಚ್ಚಳ ಇರುವುದಿಲ್ಲ ಅನ್ನುವುದು ನನ್ನ ತಲೆಗೇ ಹೋಗಲಿಲ್ಲ ನೋಡು! ನಾಲ್ಕನೇ ಕ್ಲಾಸಿನ ಬುದ್ಧಿ. ಅಂಚೆಯವನು ಸಂಜೆ ಡೇರಿಯಲ್ಲಿ ಅದನ್ನೇ ಹೇಳಿಕೊಂಡು ನಕ್ಕ. ಮಾರನೇ ದಿನ ಹೊಟೇಲಿನಲ್ಲಿ ನನ್ನ ಮುಂದೆ ಟೀ ಲೋಟ ಕುಕ್ಕಿ, “ಐದನೇ ನಂಬರಿನೋರ್ಗೆ ಒಂದ್ ಟೀ” ಅಂದರು. “ಸಿದ್ದಪ್ಪಣ್ಣನ ಉಪ್ಪು ತಿಂದು ಅವ್ರ ಮೊಮ್ಮಗಳಿಗೇ ಇಂಗಾ ಮಾಡದು?” ಅಂದರು. ನಾನು ಬೈದೆ. ನನಗೆ ಬರುವುದು ಅದೊಂದೇ.

ಊರಿನವರು ಅಂದದ್ದು ನನಗೆ ತಾಗಲಿಲ್ಲ. ನಿನ್ನ ಬೆಲ್ಲದ ವಿಷಯದಲ್ಲಿ ಇವೇ ಬಾಯಿಗಳು ಏನಂದಿದ್ದವು, ಮರೆತಿಲ್ಲ. ಎಲ್ಲರೂ ಪಾಕಕ್ಕೆ ಬಿಳಿ ಪುಡಿ ಹಾಕಿ ಚಿನ್ನದ ಬಣ್ಣದ ಬೆಲ್ಲ ಮಾಡುವಾಗ ನೀನು ಬೆಂಡೆಗಿಡದ ರಸ ಹಾಕಿ ಕೊಳೆ ತೆಗೆದು ಕಪ್ಪು ಬೆಲ್ಲವನ್ನೇ ಇಳಿಸಿದೆ. ಕೆ.ಆರ್.ಪೇಟೆಯ ಮಂಡಿಯಲ್ಲಿ ಉಂಡೆಯನ್ನು ಎತ್ತಿ ನೋಡಿ, “ಇದೇನ್ ಗೌಡ್ರೆ, ಇದ್ದಿಲಾ?” ಅಂದರು. ಮೇಲುಕೋಟೆಯಿಂದ ಪುಳಿಯೋಗರೆ ಮಾಡುವ ಅಯ್ಯನವರೊಬ್ಬರು ಮಾತ್ರ ಬೆಟ್ಟ ಇಳಿದು ಬಂದು ಕೊಂಡು ಹೋಗುತ್ತಿದ್ದರು. ನೀನು ಅದನ್ನು ಯಾರಿಗೂ ಮರೆಮಾಡಲಿಲ್ಲ. ಕಪ್ಪಾಗಿದ್ದನ್ನು ಕಪ್ಪಾಗಿಯೇ ಗಾಡಿಯ ಮೇಲೆ ಇಟ್ಟುಕೊಂಡು ಹೋದೆ. ನಾನು? ಬಾಗಿಲು ಹಾಕಿಕೊಂಡು ಕಾರ್ಡು ಬರೆದೆ. ಬಾಯಲ್ಲಿ ಊರಿನ ಜೊತೆ, ಕಾರ್ಡಿನಲ್ಲಿ ಊರಿನ ಎದುರು. ಕುಮುದಳ ಸಿಟ್ಟು ಕಾರ್ಡಿನ ಮೇಲಲ್ಲ ಮಾವ. ಆ ಪುಸ್ತಕ ತಂದು ಕುಕ್ಕಿದ ದಿನವೇ “ಕಾರ್ಡಿಗೆ ನಿಜ ಯೋಳ್ದೆ, ನಂಗೆ ಸುಳ್ಳು ಯೋಳ್ದೆ” ಅಂದಳು.

ಇನ್ನೊಂದಿದೆ. ಇದನ್ನು ಅವಳಿಗೂ ಮೊದಲು ಹೇಳಿರಲಿಲ್ಲ. ಆ ಭಾನುವಾರ ಅವಳು ಹಾಲೆಮನೆ ಅಂದಳಲ್ಲ, ಅಲ್ಲಿಗೇ ನನ್ನ ಕಿವಿ ಮುಚ್ಚಿಕೊಂಡಿತು. ಸಿಟ್ಟಿಗೆ. ಆಮೇಲೆ ಅವಳು ಹಾಡಿದ್ದು ಒಂದು ಅಕ್ಷರವೂ ನನ್ನೊಳಗೆ ಹೋಗಲಿಲ್ಲ. ಕೇಳದೇ ತೀರ್ಪು ಕೊಟ್ಟೆ. ನೀಲವ್ವನ ಕಾರ್ಡನ್ನು ಬರೆದದ್ದು ನನ್ನ ಕಿವಿಯೋ, ನನ್ನ ಸಿಟ್ಟೋ? ಅಷ್ಟು ವರ್ಷ ನೀನು ತಿದ್ದಿದ ಕಿವಿ, ಒಂದು ಹಕಾರಕ್ಕೆ ಕೈಕೊಟ್ಟಿತಾ?

ಆ ವಾರದ ಬುಧವಾರ ಮಧ್ಯಾಹ್ನ ಅದೇ ಕಂತನ್ನು ಮತ್ತೆ ಹಾಕುತ್ತಾರೆ ಅಂತ ಗೊತ್ತಾಗಿ ಡೇರಿಗೆ ಹೋದೆ. ಹಾಲ್ ಖಾಲಿ. ಪುಟ್ಸಾಮಿಯನ್ನು ಟಿವಿ ಹಾಕು ಅಂತ ಕೇಳಿ ಗೋಡೆ ಕಡೆ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತರು. ಕುಮುದ. ಅವಳೂ ಗೋಡೆ ಕಡೆ ತಿರುಗಿ. ಮಾತಿಲ್ಲ. ಮಾತಾಡುವುದಿಲ್ಲ ಅಂದಿದ್ದಳಲ್ಲ, ಮಾತಾಡಲಿಲ್ಲ. ಹಾಲೆಮನೆ ಬಂತು, ಹೋಯಿತು. ನಾನು ಹಲ್ಲು ಕಚ್ಚಿ ಕಿವಿ ತೆರೆದು ಇಟ್ಟುಕೊಂಡೆ. ಹಾಡು ಶುರುವಾಯಿತು. ಮೊದಲರ್ಧ ಬರೀ ಬಿಳಿ ಪುಡಿ. ಯಾರದೋ ದನಿಯನ್ನು ತಂದು ಬಳಿದುಕೊಂಡಿದ್ದಳು. ಎರಡನೇ ಚರಣದಲ್ಲಿ ಒಂದು ಕಡೆ ಪದ ಮರೆತಳೋ ಏನೋ, ಒಂದು ಗಳಿಗೆ ತಡವರಿಸಿದಳು. ಆ ತಡವರಿಕೆಯಲ್ಲಿ ಟೀಚರಮ್ಮ ಜಾರಿಹೋದರು. ಒಳಗಿಂದ ರಚ್ಚಿನ ಮೇಲೆ ಕೂತು ಹಾಡುತ್ತಿದ್ದ ಹುಡುಗಿ ಎದ್ದು ಬಂದಳು. ಒಂದೇ ಒಂದು ಸಾಲು ಮಾವ. ಆ ಸಾಲು… ಕಬ್ಬಿನ ಹಾಲು ಮೊದಲ ಉಕ್ಕು ಬಂದಾಗ ಇಡೀ ಆಲೆಮನೆಗೆ ಒಂದು ಬಿಸಿ ಹರಡುತ್ತದಲ್ಲ, ಹಾಗೆ. ನಮ್ಮ ಮಣ್ಣಿನಿಂದ ಅಂಥದ್ದು ಬಂತಾ ಅಂತ ನನಗೆ ನಂಬುವುದಕ್ಕಾಗಲಿಲ್ಲ. ಇದನ್ನು ನಾನು ಕೇಳದೇ ಬಿಟ್ಟಿದ್ದೆ!

ನೀಲವ್ವನೂ ಹಾಡಿ ಮುಗಿಸಿದಳು. ಅವಳು ಅವಳೇ. ನಾನು ಗೋಡೆ ನೋಡುತ್ತಲೇ ಹೇಳಿದೆ: “ಅವ್ಳು ನಿನಗಿಂತ ಮ್ಯಾಲೆ. ಇವತ್ತೂ ಅಂಗೇ ಅಂತೀನಿ. ನಿಂದು ಅರ್ಧ ಪಚ್ ಕಣವ್ವ. ಆದ್ರೆ ಎಲ್ಡನೇ ಚರಣದಲ್ಲಿ ಒಂದು ಸಾಲು ಐತಲ್ಲ, ಅದು ನೀನು. ಅದು ನಿಮ್ಮ ತಾತನ ಬೆಲ್ಲ. ಅವತ್ತು ನಾನು ಕೇಳ್ನೇ ಇಲ್ಲ, ಸಿಟ್ನಲ್ಲಿದ್ದೆ. ತಪ್ಪಾಯ್ತು.” ತಪ್ಪಾಯಿತು ಅನ್ನುವ ಮಾತನ್ನು ನಾನು ನಿನಗೂ ಹೇಳಿದವನಲ್ಲ. ಕಾದೆ, ಎದ್ದು ಹೋಗುತ್ತಾಳೆ ಅಂತ, ಅಪ್ಪನ ಹಾಗೆ. ಅವಳು ಹೋಗಲಿಲ್ಲ. ಪಕ್ಕದಲ್ಲಿ ಖಾಲಿ ಹಾಲಿನ ಕ್ಯಾನು ಇತ್ತು. ಬೆರಳ ಗೆಣ್ಣಿನಿಂದ ಅದಕ್ಕೆ ಒಂದು ಸಲ ಹೊಡೆದಳು. ಟಣ್. ಅಷ್ಟು ಮಾಡಿ ಎದ್ದು ಬಸ್ಸಿಗೆ ಹೋದಳು.

ನಿನ್ನೆಯದಕ್ಕೆ ಬಂದೆ. ಕುಮುದಳೂ ನೀಲವ್ವನೂ ಇಬ್ಬರೂ ಕೊನೆಯ ಸುತ್ತಿಗೆ ಹೋಗಿದ್ದಾರೆ. ಮೊನ್ನೆ ಬೆಂಗಳೂರಿನಲ್ಲಿ ಅದನ್ನೂ ಹಾಡಿಸಿ ತೆಗೆದುಕೊಂಡರು. ಜೊತೆಗೆ ಹೋಗಿದ್ದವನು ಮಾದೇವ. ನಿನ್ನೆ ಬೆಳಿಗ್ಗೆ ನಾನು ಕೊಪ್ಪರಿಗೆ ಉಜ್ಜುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಕಂಡಕ್ಟರ್ ಬಟ್ಟೆಯಲ್ಲಿ ನಿನ್ನ ಮಗ. “ಒಳಿಕ್ ಬರ್ಬೋದಾ ಬೋರಣ್ಣ?” ಅಂದ. ನಿನ್ನ ಆಲೆಮನೆಗೆ ನಿನ್ನ ಮಗ ನನ್ನನ್ನು ಅಪ್ಪಣೆ ಕೇಳಿದ! “ನಿಮ್ಮಪ್ಪಂದು ಕಣ್ಲಾ, ನನ್ನೇನ್ ಕೇಳ್ತೀಯ?” ಅಂತ ರೇಗಿದೆ. ಹೊಸ್ತಿಲು ದಾಟಿ ಬಂದ. ಇಪ್ಪತ್ತು ವರ್ಷದ ಮೇಲೆ. ಕೊಪ್ಪರಿಗೆಯ ಅಂಚನ್ನು ಮುಟ್ಟಿ ನೋಡಿ ಕೈಯನ್ನು ಹಾಗೇ ಇಟ್ಟುಕೊಂಡು ಹೇಳಿದ.

ನಡೆಸಿಕೊಡುವ ಹೆಂಗಸು ದೀಪಗಳ ಮುಂದೆ, “ಹಾಲಿನ ಮನೆಯ ಹುಡುಗಿ ಕುಮುದಾ” ಅಂತ ಕರೆದರಂತೆ. ಜನ ಚಪ್ಪಾಳೆ ಹೊಡೆದರಂತೆ. ಇವಳು ಹಾಡು ಎತ್ತಿಕೊಳ್ಳಲಿಲ್ಲವಂತೆ. ಮಾದೇವ ಅವಳ ದನಿಯಲ್ಲೇ ಹೇಳಿದ: “ತಪ್ ತಿಳ್ಕೊಬೇಡಿ ಮೇಡಂ. ನಮ್ದು ಆಲಿನ ಮನೆ ಅಲ್ಲ. ಆಲೆಮನೆ. ಬೆಲ್ಲ ಮಾಡೋದು. ಅವತ್ತು ಎದ್ರುಕೊಂಡು ಹೌದು ಅಂದ್ಬುಟ್ಟೆ. ನಮ್ಮ ತಾತ ಪಾಕದ ಸದ್ದು ಕೇಳಿ ಅದ ಯೋಳೋರು. ಅವ್ರ ಬೆಲ್ಲ ಕಪ್ಗಿತ್ತು.” ಆಮೇಲೆ ಹಾಡಿದಳಂತೆ. ಹೇಗೆ ಹಾಡಿದಳು ಅಂತ ಕೇಳಿದೆ. ಮಾದೇವ, “ನಂಗೆ ಅದೆಲ್ಲಿ ಗೊತ್ತಾಯ್ತದೆ ಬೋರಣ್ಣ? ಕಿವಿ ಇರೋನು ನೀನು” ಅಂದ. ಕೊಪ್ಪರಿಗೆಯಿಂದ ಕೈ ತೆಗೆದು, “ಅಪ್ಪ ಇದ್ದಿದ್ರೆ ಯೋಳೋನು” ಅಂದ. ಇಪ್ಪತ್ತು ವರ್ಷದ ಮೇಲೆ ಅವನ ಬಾಯಲ್ಲಿ ಅಪ್ಪ ಅನ್ನುವ ಮಾತು ಕೇಳಿದೆ. ಹಾಲೆಮನೆಯನ್ನು ಕೇಳಿಸಿಕೊಂಡ ಕಿವಿಯೇ ಇದನ್ನೂ ಕೇಳಿಸಿಕೊಂಡಿತು.

ಊರಿಗೆ ಇದು ಇನ್ನೂ ಗೊತ್ತಿಲ್ಲ. ಪುಟ್ಸಾಮಿ ಹಾಲಿನಂಥ ಕಂಠದ ಬಟ್ಟೆಗೆ ಹೊಸ ಬಣ್ಣ ಹೊಡೆಸಿದ್ದಾನೆ. ಭಾನುವಾರ ಅವನ ಮುಖ ನೋಡಲಿಕ್ಕಾದರೂ ನಾನು ಟಿವಿ ಕಡೆ ತಿರುಗಬೇಕು.

ಈಗ ನನ್ನ ತಕರಾರು ಕೇಳು. ಅವತ್ತು ಅವಳು ಹಾಲೆಮನೆ ಅಂದದ್ದಕ್ಕೆ ಸಿಟ್ಟಿನಿಂದ ಕಿವಿ ಮುಚ್ಚಿಕೊಂಡೆ. ಈ ಭಾನುವಾರ ಅವಳು ಆಲೆಮನೆ ಅಂದ ಕೂಡಲೇ ಹೆಮ್ಮೆಯಿಂದ ನನ್ನ ಕಿವಿ ಮುಚ್ಚಿಕೊಳ್ಳುತ್ತದೆ. ಅದು ನನಗೆ ಈಗಲೇ ಗೊತ್ತು. ಇದನ್ನು ಬರೆಯುವಾಗಲೇ ಕಣ್ಣು ಮಂಜಾಗುತ್ತಿದೆ. ಹಾಗಾದರೆ ಕಾರ್ಡು ಯಾರಿಗೆ ಹಾಕಲಿ? ನಿನ್ನ ಹೆಸರನ್ನು ನಾಡಿನ ಮುಂದೆ ಸರಿ ಮಾಡಿದವಳಿಗಾ? ಟಣ್ ಅಂದವಳಿಗಾ? ಇಬ್ಬರೂ ಒಬ್ಬಳೇ ಆಗಿದ್ದರೆ ಸರಿ. ಆಗಿಲ್ಲದಿದ್ದರೆ? ನೀನು ಮಗನಿಗೆ ಪಚ್ ಅಂದವನು. ಆಮೇಲೆ ಒಂದು ದಿನವಾದರೂ ಅದಕ್ಕೆ ಮರುಗಿದೆಯಾ? ನಾನು ಯಾವತ್ತೂ ಕೇಳಲಿಲ್ಲ, ನೀನು ಯಾವತ್ತೂ ಹೇಳಲಿಲ್ಲ. ಈಗ ಹೇಳು. ಈ ಸಲ ಯಾರ ನಂಬರು ಬರೆದರೂ ಬಾಗಿಲು ತೆಗೆದಿಟ್ಟು ಬರೆಯುತ್ತೇನೆ. ಡೇರಿಯಲ್ಲಿ ಎಲ್ಲರ ಮುಂದೆ ಓದಿ ಹೇಳಿ ಡಬ್ಬಿಗೆ ಹಾಕುತ್ತೇನೆ. ಅವಳ ಮುಖಕ್ಕೂ ಹೇಳುತ್ತೇನೆ. ಅಷ್ಟು ನನ್ನ ಮಾತು.

ಕೊನೆಯ ಸುತ್ತು ಇದೇ ತಿಂಗಳ ಇಪ್ಪತ್ತೆರಡಕ್ಕೆ ಟಿವಿಯಲ್ಲಿ ಬರುತ್ತದೆ. ಹೇಗೆ ಕಳಿಸುತ್ತೀಯೋ ಅದು ನಿನ್ನ ಪಾಡು, ಇಪ್ಪತ್ತನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.

ಬೋರ